ಒಪ್ಪ

ದೊಡ್ಡವರ ರುಜುಗಳನ್ನು ಪುಸ್ತಕದಲ್ಲಿ ಕೂಡಿಡುವವರನ್ನು ಕಂಡು ನಗುವುದು ಸುಲಭ. ಅಂಚೆಚೀಟಿ ಕೂಡಿಡುವವನಿಗೆ ಭೂಗೋಳವಾದರೂ ತಿಳಿದೀತು, ಹಳೆಯ ನಾಣ್ಯ ಕೂಡಿಡುವವನಿಗೆ ಚರಿತ್ರೆಯಾದರೂ ತಿಳಿದೀತು. ಸಿನಿಮಾ ನಟರ ರುಜು ಕೂಡಿಡುವವನಿಗೆ ತಿಳಿಯುವುದೇನು ಎಂದು ಬುದ್ಧಿವಂತರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಒಬ್ಬರ ರುಜುವನ್ನು ಬೇಡುವಾಗ ನಾವು ನಿಜವಾಗಿ ಬೇಡುವುದು ಏನನ್ನು?

ರುಜುವಿಗೆ ಕನ್ನಡದ ಹಳೆಯ ಹೆಸರು 'ಒಪ್ಪ'. ಶಾಸನಗಳ ಕೊನೆಯಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಒಪ್ಪವೆಂದರೆ ಅಂದ, ಒಪ್ಪಿಗೆ ಎಂಬ ಮಾತೂ ಅದರ ಒಡಹುಟ್ಟೇ. ಒಪ್ಪ ಹಾಕಿದವನು ಮೇಲಿನ ಬರಹಕ್ಕೆ ಕಟ್ಟುಬಿದ್ದವನು. ವಿಜಯನಗರದ ಅರಸರು ಅನೇಕ ತಾಮ್ರಪಟಗಳ ಕೊನೆಗೆ ತಮ್ಮ ಹೆಸರನ್ನು ಹಾಕದೆ 'ಶ್ರೀ ವಿರೂಪಾಕ್ಷ' ಎಂದು ಒಪ್ಪವಿಟ್ಟರು. ಒಳಗಿನ ಬರಹ ಸಂಸ್ಕೃತವಾಗಿ ನಾಗರಿ ಲಿಪಿಯಲ್ಲಿದ್ದರೂ ಒಪ್ಪ ಮಾತ್ರ ಕನ್ನಡದ ಅಕ್ಷರ. ಕೊಟ್ಟ ಮಾತಿಗೆ ದೇವರೇ ಹೊಣೆ ಎಂಬ ಭಾವ ಅಲ್ಲಿದೆ.

ಇಂದಿನ ಆಟೋಗ್ರಾಫಿನಲ್ಲಿ ಈ ಹೊಣೆ ಎಲ್ಲಿದೆ? ಖಾಲಿ ಹಾಳೆಯ ಮೇಲೆ ಹೆಸರು. ಮೇಲೆ ಕರಾರಿಲ್ಲ, ಕೆಳಗೆ ಸಾಕ್ಷಿಯಿಲ್ಲ. ಬರೆದವರು ಮುಂದಿನ ಹಾಳೆಗೆ ಹೋದರು, ಪಡೆದವರು ಮನೆಗೆ ಹೋದರು.

ಈಚೆಗೆ ವಿದ್ಯಾರ್ಥಿಗಳಿಗೆ ಶಾಸನಗಳನ್ನು ತೋರಿಸಲೆಂದು ಪಾಂಡವಪುರ ತಾಲ್ಲೂಕಿನ ತೊಣ್ಣೂರಿಗೆ ಹೋಗಿದ್ದೆ. ಹಳೆಯ ತೊಂಡನೂರು ಅದು. ರಾಮಾನುಜಾಚಾರ್ಯರ ಮತ್ತು ಹೊಯ್ಸಳ ವಿಷ್ಣುವರ್ಧನನ ನೆನಪನ್ನು ಹೊತ್ತ ಊರು. ನಂಬಿನಾರಾಯಣನ ಗುಡಿಗೆ ಆ ದಿನ ಒಬ್ಬ ಹಿರಿಯ ನಟರೂ ಮನೆಯವರೊಡನೆ ಬಂದಿದ್ದರು. ಹೆಸರು ಬೇಡ. ನಾಯಕರಲ್ಲ, ನಾಯಕನ ಅಣ್ಣನಾಗಿಯೋ ಊರ ಗೌಡನಾಗಿಯೋ ನಾವೆಲ್ಲ ಎಷ್ಟೋ ಸಲ ಕಂಡ ಮುಖ. ಹುಡುಗರು ಮುತ್ತಿಕೊಂಡರು. ಕೆಲವರು ಟಿಪ್ಪಣಿ ಪುಸ್ತಕ ಚಾಚಿದರು, ಮಿಕ್ಕವರು ಮೊಬೈಲು ಹಿಡಿದರು. ಒಬ್ಬ ಹಳೆಯ ಚಿತ್ರವೊಂದರ ಸಂಭಾಷಣೆ ಹೇಳಬೇಕೆಂದು ಹಟ ಹಿಡಿದ. ಅವರು ಹೇಳತೊಡಗಿದರು, ಅರ್ಧಕ್ಕೆ ಉಸಿರು ಸಾಲದೆ ನಿಂತರು. ಉಳಿದರ್ಧವನ್ನು ಹುಡುಗರೇ ಕೂಗಿ ಚಪ್ಪಾಳೆ ತಟ್ಟಿದರು. ಅವರು ನಕ್ಕು ಜಗಲಿಯ ಮೇಲೆ ಕುಳಿತರು. ಆಗ ಸೌತೆಕಾಯಿ ಮಾರುವ ಮುದುಕಿ ಹತ್ತಿರ ಬಂದು, "ಆ ಪಿಚ್ಚರ್‌ನಲ್ಲಿ ನೀವು ಸತ್ತಾಗ ಎರಡು ದಿನ ಉಣ್ಣಲಿಲ್ಲ ಕಣಪ್ಪ. ಈಗ ಮಂಡಿ ನೋವಾ? ಹುಷಾರು, ಮೆಟ್ಟಿಲು ಜಾರ್ತದೆ" ಎಂದಳು.

ನನ್ನ ಹುಡುಗರು ಕೆಟ್ಟವರಲ್ಲ. ಅವರಿಗೆ ಬೇಕಾಗಿದ್ದದ್ದು ತೆರೆಯ ಮೇಲಿನ ನೆರಳು. ನೆರಳಿಗೆ ವಯಸ್ಸಾಗುವುದಿಲ್ಲ. ೧೯೭೨ರ 'ನಾಗರಹಾವು' ಚಿತ್ರವನ್ನು ಇಂದು ನೋಡಿದರೂ ಅಲ್ಲಿ ಎಲ್ಲರೂ ೧೯೭೨ರಲ್ಲೇ ಇದ್ದಾರೆ. ಆ ಚಿತ್ರ ಬಂದಾಗ ನಾನು ಹುಟ್ಟಿರಲೇ ಇಲ್ಲ, ದೂರದರ್ಶನದಲ್ಲಿ ಕಂಡದ್ದು. ಆದರೂ ಅದನ್ನು ನೆನೆದಾಗ ನನಗೆ ನೆನಪಾಗುವುದು ಅಕ್ಕಪಕ್ಕದವರೊಡನೆ ಚಾಪೆಯ ಮೇಲೆ ಕುಳಿತಿದ್ದ ನನ್ನ ಬಾಲ್ಯ. ಹಳೆಯ ನಟರನ್ನು ಕಂಡಾಗ ನಾವು ಹುಡುಕುವುದು ಬಹುಮಟ್ಟಿಗೆ ನಮ್ಮನ್ನೇ. ಅದು ತಪ್ಪಲ್ಲ. ಆದರೆ ನಮ್ಮ ಬಾಲ್ಯವನ್ನು ನಮಗೆ ಮರಳಿಸಲು ಒಬ್ಬ ಮುದುಕರ ಉಸಿರನ್ನು ಕೇಳುವ ಹಕ್ಕು ನಮಗುಂಟೆ?

ಹಾಗಾದರೆ ಅವರನ್ನು ಅವರಷ್ಟಕ್ಕೆ ಬಿಡೋಣವೆಂದರೆ ಅದು ಇನ್ನೂ ದೊಡ್ಡ ಅನ್ಯಾಯ. ಕೊನೆಗಾಲದಲ್ಲಿ ಆಸ್ಪತ್ರೆಯ ಖರ್ಚಿಗೆ ಕೈಚಾಚಬೇಕಾದ ಪೋಷಕ ನಟರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿಲ್ಲವೆ? ಕರ್ನಾಟಕ ಚಲನಚಿತ್ರ ಅಕಾಡೆಮಿ 'ಬೆಳ್ಳಿಹೆಜ್ಜೆ' ಎಂಬ ಹೆಸರಿನಲ್ಲಿ ಹಿರಿಯರನ್ನು ಕೂರಿಸಿ ಮಾತನಾಡಿಸಿದ್ದು ನನಗೆ ಮೆಚ್ಚುಗೆಯಾದದ್ದು ಇದಕ್ಕೇ. ಅಲ್ಲಿ ನೆರಳು ಮಾತಾಡಬೇಕಾಗಿಲ್ಲ; ಬದುಕಿದ ಮನುಷ್ಯರು ತಮ್ಮ ಮಾತನ್ನೇ ಆಡಬಹುದು.

ಅಮೆರಿಕದಲ್ಲಿ ಅಭಿಮಾನಿಗಳ ಮೇಳಗಳೇ ನಡೆಯುತ್ತವೆ. ಹಳೆಯ ನಟರು ಮೇಜಿನ ಹಿಂದೆ ಕುಳಿತಿರುತ್ತಾರೆ; ರುಜುವಿಗಿಷ್ಟು, ಜೊತೆಯ ಚಿತ್ರಕ್ಕಿಷ್ಟು ಎಂದು ಬೆಲೆ. ಪ್ರೀತಿಗೆ ಬೆಲೆ ಕಟ್ಟುವುದೆ ಎಂದು ನಮ್ಮವರು ಮೂಗು ಮುರಿಯಬಹುದು. ಆದರೆ ಗಾಂಧೀಜಿಯವರೂ ತಮ್ಮ ರುಜುವಿಗೆ ಐದು ರೂಪಾಯಿ ಕೇಳುತ್ತಿದ್ದರು. ಆ ಹಣ ಹರಿಜನ ನಿಧಿಗೆ. ರುಜು ಪಡೆಯುವವನೂ ಏನನ್ನಾದರೂ ಕೊಡಬೇಕೆಂಬ ತತ್ತ್ವ ಅದರಲ್ಲಿದೆ. ಬಿಟ್ಟಿಯಾಗಿ ಪಡೆದು ಮರೆಯುವುದಕ್ಕಿಂತ ಕಾಸು ಕೊಟ್ಟು ಪಡೆಯುವುದು ಮೇಲು. ಕಾಸಿನ ಜೊತೆಗೆ ಕಾಳಜಿಯನ್ನೂ ಕೊಟ್ಟರೆ ಇನ್ನೂ ಮೇಲು.

ರಾಜ್‌ಕುಮಾರ್ ಅವರು ನಮ್ಮನ್ನು 'ಅಭಿಮಾನಿ ದೇವರು' ಎಂದು ಕರೆದರು. ಕೇಳಿ ನಾವು ಹಿಗ್ಗಿದೆವು. ದೇವರ ಪದವಿಗೆ ಕರ್ತವ್ಯವೂ ಅಂಟಿದೆಯೆಂದು ಎಷ್ಟು ಜನ ಯೋಚಿಸಿದೆವು? ಅವರು ನಾಯಕರಾದ ೧೯೫೪ರ 'ಬೇಡರ ಕಣ್ಣಪ್ಪ'ದ ಕಥೆ ಎಲ್ಲರಿಗೂ ಗೊತ್ತು. ಭಕ್ತ ಕಣ್ಣು ಕಿತ್ತುಕೊಟ್ಟ. ದೇವರು ಅದನ್ನು ಇಟ್ಟುಕೊಳ್ಳಲಿಲ್ಲ, ಮರಳಿ ಕೊಟ್ಟ. ೨೦೦೬ರಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾಗಿ ಬೇರೆಯವರಿಗೆ ಸಂದವು. ನಟರು ತಮ್ಮ ಪಾಲನ್ನು ಕೊಟ್ಟಿದ್ದಾರೆ. ತೆಗೆದುಕೊಳ್ಳುವುದನ್ನು ಮಾತ್ರ ಬಲ್ಲ ದೇವರು ಎಂಥ ದೇವರು?

ರುಜು ಕೇಳಬೇಡಿ ಎಂದು ನಾನು ಯಾರಿಗೂ ಹೇಳಲಾರೆ. ನನಗೂ ಆ ಆಸೆಯುಂಟು. ಆದರೆ ಒಪ್ಪವೆಂದರೆ ಕಟ್ಟುಪಾಡು ಎಂಬ ಹಳೆಯ ಅರ್ಥವನ್ನು ಉಳಿಸಿಕೊಳ್ಳೋಣ. ಹಿಂದೆ ಒಪ್ಪ ಹಾಕಿದವನು ಸಾಲಗಾರ. ಈ ಪುಸ್ತಕದಲ್ಲಾದರೋ ಪಡೆದವನೇ ಸಾಲಗಾರ. ಖಾಲಿ ಹಾಳೆಯ ಮೇಲ್ಭಾಗದಲ್ಲಿ ಕಾಣದ ಅಕ್ಷರದಲ್ಲಿ ಒಂದು ಕರಾರು ಇದ್ದೇ ಇರುತ್ತದೆ. ಅದನ್ನು ಓದಬಲ್ಲವನು ರುಜು ಕೇಳುವ ಮೊದಲು ಕುರ್ಚಿಯೊಂದನ್ನು ತಂದಿಡುತ್ತಾನೆ.