ಬತ್ತಿ ಇಳಿಸುವ ಕೈ

ಬೆಳಕನ್ನು ಹೊಗಳಲು ನಮ್ಮಲ್ಲಿ ಮಾತಿಗೆ ಬರವಿಲ್ಲ. ಬೆಳಕೆಂದರೆ ಅರಿವು, ಬೆಳಕೆಂದರೆ ಒಳಿತು, ಮನೆ ಬೆಳಗುವವಳೆಂದರೆ ಒಳ್ಳೆಯ ಸೊಸೆ. ದೀಪ ಹಚ್ಚುವುದು ಪುಣ್ಯ, ಆರಿಸುವುದು ಅಪಶಕುನ. ಇವೆರಡರ ನಡುವೆ ಇನ್ನೊಂದು ಕೆಲಸವಿದೆ. ಉರಿಯುವ ದೀಪವನ್ನು ಬೇಕಾದಷ್ಟಕ್ಕೆ ಇಳಿಸುವುದು. ಅದಕ್ಕೊಂದು ಹಬ್ಬವಿಲ್ಲ, ಹಾಡಿಲ್ಲ. ಆದರೂ ದಿನಾ ರಾತ್ರಿ ಮನೆಮನೆಗಳಲ್ಲಿ ಅದು ನಡೆಯುತ್ತಲೇ ಬಂದಿದೆ, ಬಹುಮಟ್ಟಿಗೆ ಹೆಂಗಸರ ಕೈಯಿಂದಲೇ. ಈ ಸಣ್ಣ ಕೆಲಸದ ಬಗ್ಗೆ ನಾನು ಯೋಚಿಸತೊಡಗಿದ್ದು ಇತ್ತೀಚೆಗೆ, ಅದೂ ಮಗಳ ಲ್ಯಾಪ್‌ಟಾಪಿನಿಂದಾಗಿ.

ನಾನಿರುವುದು ದೇವಸುಗೂರಿನಲ್ಲಿ. ಸುತ್ತಿನ ಜನ ನಮ್ಮೂರನ್ನು ಸೂಗೂರೇಶ್ವರನ ಗುಡಿಯಿಂದ ಗುರುತಿಸಿದರೆ, ದೂರದವರಿಗೆ ಶಕ್ತಿನಗರ ಎಂದು ಹೇಳಿದರೆ ಬೇಗ ತಿಳಿಯುತ್ತದೆ. ಕೃಷ್ಣೆಯ ದಂಡೆಯ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇರುವುದು ಇಲ್ಲೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದಂದಿನಿಂದ ಎಷ್ಟೋ ದಶಕ ನಮ್ಮ ನಾಡಿನ ದೀಪಗಳು ನೀರನ್ನೇ ನಂಬಿದ್ದವು. ಮಳೆ ಕೈಕೊಟ್ಟ ವರ್ಷ ದೀಪವೂ ಕೈಕೊಡುತ್ತಿತ್ತು. 1985ರಲ್ಲಿ ಇಲ್ಲಿ ಮೊದಲ ಘಟಕ ಶುರುವಾಯಿತು, 2010ರಲ್ಲಿ ಎಂಟನೆಯದು. 210 ಮೆಗಾವಾಟಿನ ಏಳು, 250ರದು ಒಂದು, ಒಟ್ಟು 1720 ಮೆಗಾವಾಟ್. ಎತ್ತರದ ಚಿಮಣಿಗಳನ್ನು ನೋಡುತ್ತ ಬದುಕುವ ನಮಗೆ ಬೆಳಕೆಂಬುದು ಗೋಡೆಯ ಸ್ವಿಚ್ಚಿನಿಂದ ಹುಟ್ಟುವುದಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ. ಅದು ಗೂಡ್ಸ್ ಗಾಡಿಯಲ್ಲಿ ಕಲ್ಲಿದ್ದಲಾಗಿ ಬರುತ್ತದೆ, ತಂತಿಯ ಮೇಲೆ ಹೊರಟು ಹೋಗುತ್ತದೆ.

ನನ್ನ ತವರು ಮಾನ್ವಿ ಕಡೆಯ ಹಳ್ಳಿ. ಅಲ್ಲಿ ನಾನು ಕಂಡ ಮೊದಲ ದೀಪ ಕಂದೀಲು. ಊಟವಾಗಿ ಗಂಡಸರೆಲ್ಲ ಹಾಸಿಗೆ ಹಿಡಿದ ಮೇಲೆ ಅಜ್ಜಿ ಅದರ ಪಕ್ಕದ ತಿರುಪು ಹಿಡಿದು ಬತ್ತಿ ಇಳಿಸುತ್ತಿದ್ದಳು. ಪೂರ್ತಿ ಆರಿಸುತ್ತಿರಲಿಲ್ಲ. ರಾತ್ರಿ ಎದ್ದ ಕೂಸಿಗೆ ದಾರಿ ಕಾಣಬೇಕು, ಮಲಗಿದವರ ಕಣ್ಣಿಗೆ ಚುಚ್ಚಬಾರದು, ಎಣ್ಣೆ ಬೆಳಗಿನ ತನಕ ಬರಬೇಕು. ಈ ಮೂರೂ ಲೆಕ್ಕ ಅವಳ ಎರಡು ಬೆರಳಿನಲ್ಲಿದ್ದವು. ಕರೆಂಟಿನ ಬಲ್ಬು ಬಂದ ಮೇಲೆ ಆ ಲೆಕ್ಕ ನಮ್ಮ ಕೈ ಬಿಟ್ಟಿತು. ಹಾಕು, ಇಲ್ಲವೇ ತೆಗೆ.

ಆ ಲೆಕ್ಕ ಮತ್ತೆ ಮನೆಗೆ ಬಂದದ್ದು ಮಗಳಿಂದ. ಅವಳದು ಕಂಪ್ಯೂಟರಿನ ಕೆಲಸ. ಊರಿಗೆ ಬಂದಾಗಲೂ ರಾತ್ರಿ ಹನ್ನೊಂದರ ತನಕ ಕೂತು ಮಾಡುತ್ತಾಳೆ. ನಮ್ಮದು ಎರಡು ಕೋಣೆಯ ಮನೆ, ಅವಳು ಕೂಡುವ ಕೋಣೆಯಲ್ಲೇ ನಮ್ಮ ಅತ್ತೆಯವರ ಮಂಚ. ಮುದುಕಿಯ ಕಣ್ಣಿಗೆ ಪರದೆಯ ಬಿಳಿ ಬೆಳಕು ನೇರ ಹೊಡೆಯುತ್ತಿತ್ತು. ಲ್ಯಾಪ್‌ಟಾಪು ಹಳೆಯದು, ಅದಕ್ಕೆ ಲೈನಕ್ಸ್ ಹಾಕಿಕೊಂಡಿದ್ದಾಳೆ. 1991ರಲ್ಲಿ ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರು ಮಾಡಿದ, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ವ್ಯವಸ್ಥೆ ಅದು. ಆದರೆ ಬೆಳಕು ಏರಿಸಿ ಇಳಿಸುವ ಗುಂಡಿಗಳು ಮಾತ್ರ ಅದರಲ್ಲಿ ಕೆಲಸ ಮಾಡುತ್ತಿರಲಿಲ್ಲ.

“ಚಿಂತಿ ಮಾಡಬ್ಯಾಡವ್ವ. ಲೈನಕ್ಸ್‌ನ್ಯಾಗ ಬೆಳಕೂ ಒಂದು ಫೈಲ್ ಇದ್ದಂಗ. ಅದರಾಗ ಒಂದು ನಂಬರ್ ಬರದ್ರ ಮುಗೀತು” ಎಂದಳು.

ನನಗೆ ನಗು ಬಂತು. ಚೀಟಿಯಲ್ಲಿ ಬರೆದಿಟ್ಟರೆ ದೀಪ ಇಳಿಯುತ್ತದೆಯೇ? ಇಳಿಯುತ್ತದೆ. ಕಪ್ಪು ಕಿಟಕಿಯೊಂದನ್ನು ತೆರೆದು ತೋರಿಸಿದಳು. ‘ಸಿಸ್’ ಎಂಬ ಕಪಾಟಿನೊಳಗೆ ‘ಕ್ಲಾಸ್’, ಅದರೊಳಗೆ ‘ಬ್ಯಾಕ್‌ಲೈಟ್’, ಅದರೊಳಗೆ ‘ಇಂಟೆಲ್ ಬ್ಯಾಕ್‌ಲೈಟ್’. ಅಲ್ಲಿ ಎರಡು ಚೀಟಿಗಳು. ‘ಮ್ಯಾಕ್ಸ್ ಬ್ರೈಟ್‌ನೆಸ್’ ಎಂಬುದನ್ನು ‘ಕ್ಯಾಟ್’ ಎಂದು ಹೇಳಿ ಓದಿಸಿದರೆ 4882 ಎಂದಿತು. ಅದು ಈ ಯಂತ್ರದ ತುಂಬು ಬೆಳಕಿನ ಸಂಖ್ಯೆ, ಬೇರೆ ಯಂತ್ರದಲ್ಲಿ ಬೇರೆ. ಇನ್ನೊಂದು ಬರೀ ‘ಬ್ರೈಟ್‌ನೆಸ್’, ಸದ್ಯ ಎಷ್ಟಿದೆ ಎಂಬುದು. ಅದರಲ್ಲಿ ‘ಎಕೋ’ ಎಂಬ ಆಜ್ಞೆಯಿಂದ 600 ಎಂದು ಬರೆಯಲು ಹೋದಳು. ಯಂತ್ರ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟಿತು: ‘ಪರ್ಮಿಷನ್ ಡಿನೈಡ್.’ ಅನುಮತಿ ಇಲ್ಲ.

ಆ ಮಾತು ನನ್ನನ್ನು ತಡೆದು ನಿಲ್ಲಿಸಿತು. ತನ್ನ ದುಡ್ಡಿನ ಯಂತ್ರ, ತನ್ನ ಎದುರಿನ ಬೆಳಕು, ಅನುಮತಿ ಯಾರದು? ಆ ಚೀಟಿಯ ಒಡೆತನ ‘ರೂಟ್’ ಎಂಬ ಯಜಮಾನನದಂತೆ. ಉಳಿದವರು ಅದನ್ನು ಓದಬಹುದು, ಬರೆಯುವಂತಿಲ್ಲ. ‘ಸುಡೊ’ ಎಂದು ಸೇರಿಸಿ, ಗುಟ್ಟಿನ ಪದ ಕೊಟ್ಟು, ಯಜಮಾನನ ಹೆಸರಿನಲ್ಲಿ ಬರೆಸಿದಾಗ ಪರದೆ ತಣ್ಣಗಾಯಿತು. ದಿನಾ ಹಾಗೆ ಕೇಳುವುದು ಬೇಡವೆಂದು ಆಮೇಲೆ ಒಂದು ನಿಯಮ ಬರೆದು, ಆ ಚೀಟಿಯನ್ನು ‘ವಿಡಿಯೊ’ ಎಂಬ ಗುಂಪಿಗೆ ಒಪ್ಪಿಸಿ, ತನ್ನ ಹೆಸರನ್ನು ಆ ಗುಂಪಿಗೆ ಸೇರಿಸಿಕೊಂಡಳು. ಇಷ್ಟು ಬರೆಯಲು ಬೇಸರವಾದವರಿಗೆ ‘ಬ್ರೈಟ್‌ನೆಸ್‌ಸಿಟಿಎಲ್’ ಎಂಬ ಸಿದ್ಧ ಸಲಕರಣೆಯೂ ಇದೆ, ನೂರಕ್ಕೆ ಇಷ್ಟು ಎಂದರೆ ಸಾಕು.

ಓದಬಹುದು, ಬರೆಯುವಂತಿಲ್ಲ. ಎಷ್ಟು ಮನೆಗಳಲ್ಲಿ ಹೆಂಗಸಿನ ಸ್ಥಿತಿ ಇದೇ ಅಲ್ಲವೇ? ಮನೆಯಲ್ಲಿ ಎಷ್ಟು ದುಡ್ಡಿದೆ, ಯಾರಿಗೆ ಎಷ್ಟು ಸಾಲವಿದೆ ಎಲ್ಲವೂ ಅವಳಿಗೆ ಗೊತ್ತು. ಒಂದು ಅಂಕಿ ಬದಲಿಸಬೇಕೆಂದರೆ ಇನ್ನೊಬ್ಬರ ಹೆಸರಿನಲ್ಲಿ ಕೇಳಬೇಕು. ನಾನು ಹೇಳಹೊರಟ ಮೊದಲ ಮಾತು ಇಲ್ಲಿದೆ. ತೊಂಬತ್ತರ ದಶಕದಲ್ಲಿ ಲೋಡ್ ಶೆಡ್ಡಿಂಗ್ ನೋಡಿದವರಿಗೆಲ್ಲ ಇದು ಗೊತ್ತು: ಕರೆಂಟು ಹೋಗಿ ಮೇಣಬತ್ತಿ ಹಚ್ಚಿದ ಕೋಣೆಯೂ ಮಬ್ಬು, ಮಗು ಮಲಗಿದೆಯೆಂದು ನಾವೇ ದೀಪ ಇಳಿಸಿದ ಕೋಣೆಯೂ ಮಬ್ಬು. ಕಣ್ಣಿಗೆ ಎರಡೂ ಒಂದೇ. ಮನಸ್ಸಿಗೆ ಒಂದು ಸಿಟ್ಟು, ಇನ್ನೊಂದು ಅಕ್ಕರೆ. ಇಳಿಸಿದ ಕೈ ಯಾರದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ತಗ್ಗಿ ನಡೆಯುವುದು ಗುಣ ಎಂದು ನಮಗೆ ಕಲಿಸಿದವರು, ತಿರುಪು ನಮ್ಮ ಕೈಯಲ್ಲಿದೆಯೇ ಎಂದು ಮೊದಲು ನೋಡಬೇಕಿತ್ತು. ಏರಿಸಲು ಬಾರದವಳು ಇಳಿಸಿದ್ದನ್ನು ತ್ಯಾಗವೆಂದು ಹೇಗೆ ಕರೆಯುವುದು?

ಎರಡನೆಯ ಮಾತನ್ನೂ ಮಗಳೇ ತೋರಿಸಿದಳು. ಬೆಳಕು ಇಳಿಸಲು ಇನ್ನೊಂದು ಸುಲಭದ ದಾರಿಯಿದೆ, ‘ಎಕ್ಸ್‌ರ್ಯಾಂಡರ್’ ಎಂಬ ಆಜ್ಞೆ. ಅದಕ್ಕೆ ಯಜಮಾನನ ಅನುಮತಿಯೂ ಬೇಕಿಲ್ಲ. ಅರ್ಧ ಎಂದು ಬರೆದರೆ ಪರದೆ ಅರ್ಧ ಮಬ್ಬಾಗುತ್ತದೆ. ಆದರೆ ದೀಪ ಇಳಿದಿರುವುದಿಲ್ಲ. ಇಂಥ ಪರದೆಗೆ ಸ್ವಂತ ಬೆಳಕಿಲ್ಲ, ಅದರ ಹಿಂದೆ ಬೇರೆ ದೀಪವಿದೆ, ಅದನ್ನೇ ಬ್ಯಾಕ್‌ಲೈಟ್ ಎನ್ನುವುದು. ಈ ಆಜ್ಞೆ ಮುಂದಿನ ಚಿತ್ರವನ್ನಷ್ಟೇ ಕಪ್ಪಾಗಿಸುತ್ತದೆ. ಹಿಂದಿನ ದೀಪ ಮೊದಲಿನಷ್ಟೇ ಉರಿಯುತ್ತಿರುತ್ತದೆ, ಬ್ಯಾಟರಿ ಮೊದಲಿನಷ್ಟೇ ಖರ್ಚಾಗುತ್ತದೆ. ಕಂದೀಲಿನ ಬತ್ತಿ ಇಳಿಸದೆ ಗಾಜಿಗೆ ಸೆರಗು ಮುಚ್ಚಿದಂತೆ.

ಸೆರಗು ಮುಚ್ಚಿದ ಕಂದೀಲುಗಳನ್ನು ನಾನು ಬಹಳ ಕಂಡಿದ್ದೇನೆ. “ನನಗೇನೂ ಬ್ಯಾಡ್ರಿ” ಎಂದು ನಗುತ್ತ ಒಳಗೆ ಉರಿಯುವವರು. ವಾರಗಿತ್ತಿಗೆ ಸೀರೆ ಬಂದಾಗ ಚೆಂದ ಇದೆ ಎಂದು ಮಡಚಿಕೊಟ್ಟು, ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಳ್ಳುವವರು. ನೋಡುವವರಿಗೆ ತಂಪಾಗಿ ಕಾಣುತ್ತಾರೆ, ಒಳಗಿನ ಎಣ್ಣೆ ಮಾತ್ರ ತೀರುತ್ತಲೇ ಇರುತ್ತದೆ. ಅವರನ್ನು ದೂರಲಾರೆ. ಬತ್ತಿ ಮುಟ್ಟಲು ಅನುಮತಿ ಇಲ್ಲದವರಿಗೆ ಗಾಜು ಮುಚ್ಚುವುದೊಂದೇ ಉಳಿದಿರುತ್ತದೆ. ಆದರೆ ಇದನ್ನು ಸಹನೆ ಎಂದು ಕರೆದು ಹಾರ ಹಾಕುವುದು ಬೇಡ. ಸಹನೆಯಲ್ಲಿ ಬತ್ತಿ ನಿಜಕ್ಕೂ ಇಳಿದಿರುತ್ತದೆ.

ಇಷ್ಟೆಲ್ಲ ಇಳಿಸಿ ಉಳಿದದ್ದೇನು ಎಂದು ನೀವು ಕೇಳಬಹುದು. ಬಿಸಿಲೂರಿನ ಹೆಂಗಸು ನಾನು, ಲೆಕ್ಕ ಹಾಕದೆ ಬಿಡಲಿಲ್ಲ. ಪರದೆ ಇಳಿಸಿದ್ದರಿಂದ ಎರಡು ವಾಟ್ ಉಳಿಯಿತು ಎನ್ನೋಣ. ದಿನಕ್ಕೆ ಐದು ತಾಸು ಎಂದರೆ ಒಂದು ಯೂನಿಟ್ ಉಳಿಯಲು ನೂರು ದಿನ ಬೇಕು. ಒಂದು ಯೂನಿಟ್‌ಗೆ ನಮ್ಮ ದೇಶದ ಕಲ್ಲಿದ್ದಲು ಸುಮಾರು ಮುಕ್ಕಾಲು ಕಿಲೋ, ಅದರಲ್ಲಿ ಮೂರನೆಯ ಒಂದು ಪಾಲಿನಷ್ಟು ಬೂದಿ. ಅಂದರೆ ನೂರು ರಾತ್ರಿಯ ಸಂಯಮಕ್ಕೆ ಒಂದು ಬೊಗಸೆ ಬೂದಿ ಕಡಿಮೆ. ದುಡ್ಡಿನ ಮಾತಂತೂ ಇಲ್ಲವೇ ಇಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ, ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ತಮ್ಮ ವಾಡಿಕೆಯಷ್ಟು ಉರಿಸುವ ಎಷ್ಟೋ ಮನೆಗಳಿಗೆ ಬಿಲ್ಲಿನ ಭಯ ಹೋಗಿದೆ. ಆದ್ದರಿಂದ ಲೋಕ ಉಳಿಸಿದೆವೆಂದು ಬೀಗುವುದು ಬೇಡ. ಅತ್ತೆಯವರು ಗೋಡೆಯ ಕಡೆ ಮುಖ ತಿರುಗಿಸದೆ ಮಲಗಿದರು, ಅಷ್ಟೇ ಆದದ್ದು. ಯೂನಿಟ್ಟಿನಲ್ಲಿ ಅಳೆಯಲಾಗದ್ದು ಸಣ್ಣದೆಂದು ನಾನು ಒಪ್ಪುವುದಿಲ್ಲ. ದುಡ್ಡು ಕೊಡಬೇಕಾಗಿದ್ದಾಗ ಇಳಿಸಿದ ದೀಪದಲ್ಲಿ ಪಕ್ಕದವರ ಮೇಲಿನ ಪ್ರೀತಿ ಎಷ್ಟು, ಬಿಲ್ಲಿನ ಭಯ ಎಷ್ಟು ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ. ಪುಕ್ಕಟೆ ಬೆಳಕನ್ನು ಇಳಿಸುವಾಗ ಅದು ಗೊತ್ತಾಗುತ್ತದೆ.

ಇನ್ನು ಕೊನೆಯ ಮಾತು, ನನಗೆ ಮುಖ್ಯವಾದದ್ದು. ಆ ಚೀಟಿಯಲ್ಲಿ ಸೊನ್ನೆ ಬರೆದರೆ ಏನಾಗುತ್ತದೆ? ಕೆಲವು ಯಂತ್ರಗಳಲ್ಲಿ ಮಿಣುಕು ಬೆಳಕು ಉಳಿಯುತ್ತದೆ, ಕೆಲವದರಲ್ಲಿ ಪೂರ್ತಿ ಕತ್ತಲೆ. ಕತ್ತಲಾದರೆ ಮತ್ತೆ ಏರಿಸುವ ಆಜ್ಞೆಯನ್ನೂ ಕುರುಡಾಗಿಯೇ ಬರೆಯಬೇಕು. ಇದನ್ನು ಬಲ್ಲವರು ಒಂದು ಏರ್ಪಾಟು ಮಾಡಿದ್ದಾರೆ. ಈಗಿನ ಬಹುತೇಕ ಲೈನಕ್ಸ್‌ಗಳಲ್ಲಿರುವ ‘ಸಿಸ್ಟಮ್‌ಡಿ’ ಎಂಬುದು ಯಂತ್ರ ಮುಚ್ಚುವಾಗ ಬೆಳಕಿನ ಅಂಕಿಯನ್ನು ನೆನಪಿಟ್ಟುಕೊಂಡು, ಮರಳಿ ತೆರೆದಾಗ ಅಷ್ಟಕ್ಕೇ ತರುತ್ತದೆ. ಆದರೆ ನೀವು ಎಷ್ಟೇ ಕೆಳಗಿಳಿಸಿ ಮಲಗಿದ್ದರೂ, ತುಂಬು ಬೆಳಕಿನ ನೂರಕ್ಕೆ ಐದಕ್ಕಿಂತ ಕೆಳಗೆ ತಾನಾಗಿ ಏಳುವುದಿಲ್ಲ. ನಮ್ಮ 4882ಕ್ಕೆ ಅದು 244. ಕೀಲಿಮಣೆಯ ಅಕ್ಷರಗಳ ಕೆಳಗೂ ಒಂದು ದೀಪವಿರುತ್ತದೆ. ಅದರ ಚೀಟಿ ‘ಲೆಡ್ಸ್’ ಎಂಬ ಬೇರೆ ಕಪಾಟಿನಲ್ಲಿದೆ, ನಮ್ಮದರಲ್ಲಿ ಸೊನ್ನೆ, ಒಂದು, ಎರಡು ಎಂಬ ಮೂರೇ ಮೆಟ್ಟಿಲು. ಅದಕ್ಕೆ ಈ ಐದರ ಕಟ್ಟಿಲ್ಲ, ಸೊನ್ನೆಯಿದ್ದರೆ ಸೊನ್ನೆಯೇ. ಗುಂಡಿಗಳನ್ನು ಬೆರಳು ತಡವಿ ಹುಡುಕೀತು, ಪರದೆಯನ್ನು ಹುಡುಕಲಾಗದು. ಯಾವ ಕತ್ತಲೆ ದಾರಿ ತಪ್ಪಿಸುತ್ತದೆ, ಯಾವುದು ತಪ್ಪಿಸುವುದಿಲ್ಲ ಎಂಬ ವಿವೇಕ ಈ ನಿಯಮ ಬರೆದವರಿಗಿದೆ.

ನಮ್ಮೂರಿನ ದೊಡ್ಡ ಒಲೆಗಳಿಗೂ ಇಂಥ ಮಿತಿಯಿದೆ. ಬೇಡಿಕೆ ಕಡಿಮೆಯೆಂದು ಕಲ್ಲಿದ್ದಲಿನ ಬಾಯ್ಲರನ್ನು ಬೇಕಾದಷ್ಟು ಇಳಿಸಲು ಬರುವುದಿಲ್ಲ. ಒಂದು ಮಟ್ಟದ ಕೆಳಗೆ ಜ್ವಾಲೆ ತಡಬಡಿಸುತ್ತದೆ, ಆಗ ಎಣ್ಣೆ ಕೊಟ್ಟು ಉರಿ ನಿಲ್ಲಿಸಬೇಕು, ಇಲ್ಲವೇ ಘಟಕವನ್ನೇ ನಿಲ್ಲಿಸಬೇಕು. ಯಂತ್ರಕ್ಕೆ ಇರುವ ಈ ಮರ್ಯಾದೆ ನಮ್ಮ ಹೆಣ್ಣುಮಕ್ಕಳಿಗೆ ಸಿಕ್ಕಿದೆಯೇ? ಮಕ್ಕಳ ಪರೀಕ್ಷೆಗೆಂದು ಒಂದಿಷ್ಟು, ಅತ್ತೆಯ ಔಷಧಿಗೆಂದು ಒಂದಿಷ್ಟು, ಗಂಡನ ಕೆಲಸದ ದಣಿವಿಗೆಂದು ಒಂದಿಷ್ಟು ಇಳಿಸುತ್ತ ಹೋಗುತ್ತೇವೆ. ಒಂದೊಂದೂ ನ್ಯಾಯವಾಗಿಯೇ ಇರುತ್ತದೆ. ಸೊನ್ನೆ ಮುಟ್ಟಿದ್ದು ಯಾವ ದಿನ ಎಂದು ಯಾರಿಗೂ ಗೊತ್ತಾಗುವುದಿಲ್ಲ, ನಮಗೂ. ಆಮೇಲೆ ಮನೆಯವರೆಲ್ಲ, “ಅವಳಿಗೆ ಏನೂ ಬೇಕಾಗಿಲ್ಲ, ದೇವರಂಥವಳು” ಎನ್ನುತ್ತಾರೆ. ಕತ್ತಲಾದವಳಿಗೆ ಮತ್ತೆ ಏರುವ ದಾರಿಯೂ ಕಾಣದು.

ಇನ್ನೊಬ್ಬರಿಗಾಗಿ ಇಳಿಯುವುದು ದೊಡ್ಡದೇ. ನಾನು ಅದನ್ನು ಬಿಡಿ ಎನ್ನಲಾರೆ, ಅದಿಲ್ಲದೆ ಎರಡು ಕೋಣೆಯ ಮನೆಯಲ್ಲಿ ನಾಲ್ಕು ಜನ ಬಾಳಲಾಗದು. ಇಳಿಸುವ ಕೈ ನಮ್ಮದಾಗಿರಲಿ, ಇಳಿಸಿದ್ದು ನಿಜವಾಗಿ ಇಳಿದಿರಲಿ, ಆ ನೂರಕ್ಕೆ ಐದನ್ನು ಯಾರಿಗಾಗಿಯೂ ಮುಟ್ಟದಿರಲಿ. ನಿಮ್ಮ ಐದು ಯಾವುದೆಂದು ನಾನು ಹೇಳಲಾರೆ. ಗೆಳತಿಯೊಡನೆ ಒಂದು ಫೋನಿರಬಹುದು, ಬೀಸುವ ಕಲ್ಲಿನ ಹಾಡಿನ ಒಂದು ವಹಿ ಇರಬಹುದು, ಅಕ್ಕಿಡಬ್ಬಿಯ ನೂರು ರೂಪಾಯಿ ಇರಬಹುದು. ನನ್ನದು ಮಧ್ಯಾಹ್ನ ಮೂರರಿಂದ ನಾಲ್ಕು. ಆ ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಓದುತ್ತೇನೆ, ಯಾರು ಕರೆದರೂ ನಾಲ್ಕರ ಮೇಲೆ ಬನ್ನಿ ಎನ್ನುತ್ತೇನೆ.