ಮಂಡಕ್ಕಿಯ ಮೀನು, ಮಡಕೆಯ ಮೀನು

ಮುಂಗಾರಿನ ಮೊದಲ ಜೋರು ಮಳೆಗೆ ತುಂಗಾ ಹೊಳೆ ಕೆಂಪಾಗುತ್ತದೆ. ಮೊಟ್ಟೆಯಿಡಲು ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತದೆ. ಮಲೆನಾಡಿನ ನಾವು ಇದಕ್ಕೆ ಹತ್ತುಮೀನು ಎನ್ನುತ್ತೇವೆ. ಕೂಳಿ, ಕತ್ತಿ, ಬ್ಯಾಟರಿ ಹಿಡಿದು ರಾತ್ರಿಯೇ ಗದ್ದೆಗಿಳಿಯುತ್ತೇವೆ. ಅವ್ವ ಬೂದಿ ಹಚ್ಚಿ, ಕಲ್ಲಿಗೆ ತಿಕ್ಕಿ ಮೀನಿನ ಲೋಳೆ ತೆಗೆಯುತ್ತಾಳೆ. ಒಣಮೆಣಸು, ಕೊತ್ತಂಬರಿ ಅರೆದು, ವಾಟೆಹುಳಿ ಹಾಕಿ ಮಣ್ಣಿನ ಮಡಕೆಯಲ್ಲಿ ಕುದಿಸುತ್ತಾಳೆ. ಆ ಸಾರು ಮರುದಿನ ಕಡುಬಿಗೆ ಇನ್ನೂ ರುಚಿ.

ಇಂಥ ಊಟ ಮಾಡಿ ಶಾಲೆಗೆ ಹೋದ ನಮ್ಮ ಕೇರಿಯ ಹುಡುಗನೊಬ್ಬ ಕೇಳಿದ: "ಮೇಷ್ಟ್ರೆ, ಮೀನು ತಿಂದ್ರೆ ಪಾಪ ಬತ್ತದಂತೆ, ಹೌದಾ?" ಪಕ್ಕದ ಹುಡುಗರು ಮೂಗು ಮುಚ್ಚಿಕೊಂಡು ಕೂತಿದ್ದರು. ಮೇಷ್ಟ್ರು ಏನೂ ಹೇಳದೆ ಪಾಠ ಮುಂದುವರಿಸಿದರು. ಆ ಉತ್ತರವನ್ನು ಈಗ ನಾವೇ ಕೊಡಬೇಕಾಗಿದೆ.

ಮೀನಿಗೂ ಜೀವವಿದೆ. ಅದರ ಜೀವ ತೆಗೆದೇ ನಾವು ತಿನ್ನುತ್ತೇವೆ, ಮುಚ್ಚಿಡುವುದೇನಿಲ್ಲ. ಇದೇ ತುಂಗೆಯ ಶೃಂಗೇರಿಯಲ್ಲಿ, ಮಠದ ಮೆಟ್ಟಿಲ ಬಳಿ ಭಕ್ತರು ಮೀನಿಗೆ ಮಂಡಕ್ಕಿ ಹಾಕುತ್ತಾರೆ. ಅಲ್ಲಿ ಯಾರೂ ಗಾಳ ಹಾಕುವಂತಿಲ್ಲ. ಆ ಮೀನುಗಳು ಬದುಕಲಿ, ನಮ್ಮ ತಕರಾರಿಲ್ಲ. ಆದರೆ ಮೀನಿಗೆ ಮಂಡಕ್ಕಿ ಎರಚಿದ ಅದೇ ಕೈ, ಊರಿಗೆ ಮರಳಿ, ಲೋಟ ಮುಟ್ಟಿಸದೆ ನಮ್ಮ ಬೊಗಸೆಗೆ ಮೇಲಿನಿಂದ ನೀರು ಸುರಿದರೆ ಆ ದಯೆಗೆ ಏನೆನ್ನೋಣ? 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದರು. ಕೆರೆ ಮೈಲಿಗೆಯಾಯಿತೆಂದು ಸವರ್ಣರು ಸಗಣಿ, ಗಂಜಲ ಸುರಿದು ಶುದ್ಧಿ ಮಾಡಿದರು. ದನ ಕುಡಿದರೆ ಕೆಡದ ನೀರು ಮನುಷ್ಯ ಮುಟ್ಟಿದರೆ ಕೆಟ್ಟಿತು! ಪಾಪದ ಲೆಕ್ಕ ಅಲ್ಲಿಂದ ಶುರುವಾಗಲಿ.

ಹಾಗಂತ ನಮ್ಮ ಲೆಕ್ಕವನ್ನು ಬಿಡುವಂತಿಲ್ಲ, ಗೆಳೆಯರೇ. ಹತ್ತುಮೀನು ಬಸುರಿ ಮೀನು. ಒಂದೊಂದರ ಹೊಟ್ಟೆಯಲ್ಲೂ ಸಾವಿರಾರು ಮೊಟ್ಟೆ. ಹಳ್ಳಕ್ಕೆ ಅಡ್ಡಗಟ್ಟಿ ಬಂದದ್ದನ್ನೆಲ್ಲ ಬಾಚಿದರೆ ನಾಳೆ ಬರಿದಾಗುವುದು ನಮ್ಮ ಮಡಕೆಯೇ. ಮಡುವಿಗೆ ಸಿಡಿಮದ್ದು ಎಸೆಯುವವರು, ವಿಷ ಬೆರೆಸುವವರು ನಮ್ಮೊಳಗೂ ಇದ್ದಾರೆ. 1897ರ ಮೀನುಗಾರಿಕೆ ಕಾಯ್ದೆಯೇ ಎರಡನ್ನೂ ಅಪರಾಧ ಎಂದಿತ್ತು. ಮದ್ದು ಸಿಡಿದರೆ ದೊಡ್ಡ ಮೀನು, ಮರಿಮೀನು ಎಲ್ಲ ಒಟ್ಟಿಗೇ ಸಾಯುತ್ತವೆ. ಎಷ್ಟೋ ಮೀನು ಯಾರ ಬಾಯಿಗೂ ಸೇರದೆ ತಳದಲ್ಲಿ ಕೊಳೆಯುತ್ತದೆ. ಇದನ್ನು ಹಸಿವಿನ ಹೆಸರಿನಲ್ಲಿ ಸಮರ್ಥಿಸಲಾಗದು. ಹಸಿವಿಗೆ ಮಡಕೆಯಷ್ಟು ಅಳತೆಯಿದೆ, ದುರಾಸೆಗೆ ಯಾವ ಅಳತೆಯೂ ಇಲ್ಲ. ಅಕ್ಷರ ಕಲಿಯದ ನಮ್ಮವ್ವನಿಗೆ ಇದು ಗೊತ್ತು: "ಮಡಕೆ ತುಂಬ್ತಲ್ಲ, ಸಾಕು ಕಣ್ರೋ. ಉಳಿದಿದ್ದು ಗದ್ದೆ ಹತ್ಲಿ. ಮುಂದ್ಲ ವರ್ಷನೂ ಮಳೆ ಬತ್ತದೆ."

ಹೊಳೆಯಿಂದ ಉಣ್ಣುವವರೇ ಹೊಳೆಯನ್ನು ಕಾಯಬೇಕು. ಮಂಡಕ್ಕಿ ಹಾಕಿ ಪುಣ್ಯ ಗಳಿಸುವವರಿಗಿಂತ ಈ ಹೊಣೆ ನಮ್ಮ ಮೇಲೆ ಹೆಚ್ಚು.

ಆ ಹುಡುಗನಿಗೆ ನಾವು ಹೇಳುವುದಿಷ್ಟು: ಮೀನು ತಿಂದರೆ ಪಾಪವಿಲ್ಲ, ಮಗಾ. ಹೊಳೆಯನ್ನೇ ತಿಂದರೆ ಪಾಪ. ಪಕ್ಕದವನ ಅನ್ನಕ್ಕೆ ಮೂಗು ಮುಚ್ಚಿಕೊಳ್ಳುವುದು ಅದಕ್ಕೂ ದೊಡ್ಡ ಪಾಪ. ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ, ಎಲ್ಲ ಮಕ್ಕಳಿಗೂ ಕೇಳುವಂತೆ, ಗಟ್ಟಿಯಾಗಿ ಹೇಳಲಿ.