ಮನೆಯಲ್ಲೇ ಇದ್ದ ಕತ್ತರಿ

ಜೂನ್ ತಿಂಗಳಲ್ಲಿ ನಮ್ಮ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಅರ್ಜಿ ಕೊಡುತ್ತೇವೆ. ತೃತೀಯ ಭಾಷೆಯಾಗಿ ಹಿಂದಿ ಓದುತ್ತೀರೋ, ಅದರ ಬದಲು ವೃತ್ತಿ ಶಿಕ್ಷಣದ ವಿಷಯವೊಂದನ್ನು ತೆಗೆದುಕೊಳ್ಳುತ್ತೀರೋ ಎಂದು ಗುರುತು ಹಾಕಬೇಕು. ಈ ಸೌಲಭ್ಯ ಎಲ್ಲ ಶಾಲೆಗಳಲ್ಲೂ ಇಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಆಯ್ದ ಶಾಲೆಗಳಿಗೆ ಮಾತ್ರ ಬಂದಿದೆ. ಮಾಹಿತಿ ತಂತ್ರಜ್ಞಾನ, ರೀಟೇಲ್, ಆಟೊಮೊಬೈಲ್, ಹೆಲ್ತ್ ಕೇರ್, ಬ್ಯೂಟಿ ಅಂಡ್ ವೆಲ್‌ನೆಸ್, ಇಂಥವುಗಳಲ್ಲಿ ಒಂದೋ ಎರಡೋ ಒಂದು ಶಾಲೆಯ ಪಾಲಿಗೆ ಸಿಗುತ್ತವೆ. ನಮಗೆ ಸಿಕ್ಕಿದ್ದು ಆಟೊಮೊಬೈಲ್ ಮತ್ತು ಬ್ಯೂಟಿ ಅಂಡ್ ವೆಲ್‌ನೆಸ್. ಮೊದಲನೆಯದು ಗಂಡುಮಕ್ಕಳಿಗೆ, ಎರಡನೆಯದು ಹೆಣ್ಣುಮಕ್ಕಳಿಗೆ ಎಂದು ಯಾರೂ ಆದೇಶ ಹೊರಡಿಸಿಲ್ಲ. ಆದರೆ ಪಟ್ಟಿ ತಯಾರಾದಾಗ ಹಾಗೆಯೇ ಇರುತ್ತದೆ.

ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಈ ಪಟ್ಟಿ ಮಾಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಮೇಲಿದೆ. ಮೂರು ವರ್ಷದ ಹಿಂದೆ ಒಬ್ಬರು ಮಗಳ ಅರ್ಜಿ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು. ಬಸ್ ಸ್ಟ್ಯಾಂಡ್ ಪಕ್ಕ ಅವರದೊಂದು ಸಣ್ಣ ಸಲೂನು; ನಾನೂ ಅಲ್ಲಿಗೇ ಹೋಗುವವನು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. ಬ್ಯೂಟಿ ಅಂಡ್ ವೆಲ್‌ನೆಸ್ ಅಂದರೆ ಏನು ಕಲಿಸುತ್ತೀರಿ ಎಂದು ಕೇಳಿದರು. ಚರ್ಮದ ಆರೈಕೆ, ಕೂದಲಿನ ಆರೈಕೆ, ಉಗುರು, ಮೆಹಂದಿ, ಗಿರಾಕಿಗಳ ಜೊತೆ ಮಾತಾಡುವ ರೀತಿ ಎಂದೆಲ್ಲ ಹೇಳಿದೆ.

“ಇದನ್ನ ಕಲಿಯೋಕೆ ಇಸ್ಕೂಲಿಗೆ ಯಾಕೆ ಕಳಿಸ್ಬೇಕು ಸಾರ್? ಕತ್ತರಿ ಮನೇಲೇ ಇತ್ತಲ್ಲ,” ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮ ಮಗಳಿಗೆ ಏನು ಕೊಡ್ಸಿದೀರಿ?” ಎಂದರು.

ನನ್ನ ಮಗಳು ಆಗ ಖಾಸಗಿ ಶಾಲೆಯಲ್ಲಿ ಒಂಬತ್ತನೇ ತರಗತಿ. ಪ್ರಥಮ ಭಾಷೆ ಸಂಸ್ಕೃತ. 125 ಅಂಕದ ವಿಷಯ, ಅಂಕ ಸುಲಭವಾಗಿ ಬರುತ್ತದೆ ಎಂದು ಕೊಡಿಸಿದ್ದೆ. ಸುಳ್ಳು ಹೇಳಲಾಗಲಿಲ್ಲ, ಅದನ್ನೇ ಹೇಳಿದೆ. ಅವರು ತಲೆಯಾಡಿಸಿ, ಅರ್ಜಿಯಲ್ಲಿ ಹಿಂದಿಗೆ ಗುರುತು ಹಾಕಿಸಿಕೊಂಡು ಹೊರಟುಹೋದರು.

ಯಾವ ಕೆಲಸವೂ ಕೀಳಲ್ಲ ಎಂಬ ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ನಮ್ಮ ಶಾಲೆಯ ಕಾಂಪೌಂಡಿನ ಮೇಲೂ ಕಾಯಕದ ಮಾತು ದಪ್ಪ ಅಕ್ಷರದಲ್ಲಿದೆ. ಆದರೆ ಸಂಸ್ಕೃತದ ವಿಚಾರ ಹೇಳಿದ ಮೇಲೆ ಆ ಉತ್ತರ ಹೊರಬರಲಿಲ್ಲ. ನನ್ನ ಮಗಳು ಸಂಸ್ಕೃತ ತೆಗೆದುಕೊಂಡಾಗ, ಮುಂದೆ ಪೌರೋಹಿತ್ಯ ಮಾಡುತ್ತಾಳೆಯೇ ಎಂದು ಯಾರೂ ಕೇಳಿರಲಿಲ್ಲ. ಅವಳಿಗೆ ಅದು ಒಂದು ವಿಷಯ, ಅಷ್ಟೆ. ಅವರ ಮಗಳಿಗೆ ನಾವು ಕೊಡಲು ಹೊರಟದ್ದು ವಿಷಯವೂ ಹೌದು, ಒಂದು ಜೀವನವೂ ಹೌದು.

ಹಾಗೆಂದು ವೃತ್ತಿ ಶಿಕ್ಷಣವೇ ಮೋಸ ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೆ ಕಾರಣ ಆಟೊಮೊಬೈಲ್ ಕೊಠಡಿಯಲ್ಲಿ ಕಂಡದ್ದು. ಅಲ್ಲಿ ಒಂದು ಹಳೆಯ ಬೈಕಿನ ಎಂಜಿನ್ನನ್ನು ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದಾರೆ. ವಾರದಲ್ಲಿ ಎರಡು ದಿನ ತಪ್ಪಿಸಿಕೊಳ್ಳುತ್ತಿದ್ದ ಒಬ್ಬ ಹುಡುಗ ಆ ತರಗತಿ ಇದ್ದ ದಿನ ಮಾತ್ರ ತಪ್ಪದೆ ಬರುತ್ತಿದ್ದ. ನನ್ನ ತರಗತಿಯಲ್ಲಿ ಒಂದು ಪ್ಯಾರಾ ಓದಲು ತಡವರಿಸುವವನು, ಪಿಸ್ಟನ್ ಕೆಳಗೆ ಬಂದಾಗ ಗಾಳಿ ಪೆಟ್ರೋಲು ಒಳಗೆ ಬರುವುದು, ಮೇಲೆ ಹೋದಾಗ ಅದು ಒತ್ತಿಕೊಳ್ಳುವುದು, ಪ್ಲಗ್ಗಿನ ಕಿಡಿಗೆ ಹೊತ್ತಿ ಪಿಸ್ಟನ್ನನ್ನು ಕೆಳಕ್ಕೆ ನೂಕುವುದು, ಮತ್ತೆ ಮೇಲೆ ಬಂದಾಗ ಹೊಗೆ ಹೊರಗೆ ಹೋಗುವುದು, ಇಷ್ಟನ್ನೂ ಕೈಯಲ್ಲಿ ಕ್ರ್ಯಾಂಕ್ ತಿರುಗಿಸುತ್ತಾ ತಪ್ಪಿಲ್ಲದೆ ಹೇಳಿದ. ಒತ್ತಿದರೆ ಬಿಸಿಯಾಗುವುದು ಯಾಕೆ ಎಂದು ವಿಜ್ಞಾನದ ಮೇಷ್ಟ್ರನ್ನು ಹುಡುಕಿಕೊಂಡು ಹೋಗಿ ಕೇಳಿದ. ಪುಸ್ತಕದಲ್ಲಿ ಆ ಪಾಠ ಮೊದಲಿನಿಂದಲೂ ಇತ್ತು. ಪ್ರಶ್ನೆ ಹುಟ್ಟಿದ್ದು ಮಾತ್ರ ಆ ಬೆಂಚಿನ ಮುಂದೆ. ಆ ಕೊಠಡಿಗೆ ಬೀಗ ಹಾಕಿ ಎಂದು ನಾನು ಯಾವ ಬಾಯಿಂದ ಹೇಳಲಿ? (ಆ ತರಬೇತುದಾರರು ಹೊರಗುತ್ತಿಗೆಯವರು. ಸಂಬಳ ಯಾವ ತಿಂಗಳು ಬರುತ್ತದೆ ಎಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಕೈಕೆಲಸಕ್ಕೆ ನಾವು ಕೊಡುವ ಗೌರವ ಎಷ್ಟೆಂದು ಆ ಮಕ್ಕಳಿಗೆ ಅಲ್ಲಿಯೇ ತಿಳಿಯುತ್ತದೆ.)

ಈ ಎರಡು ನೋಟಗಳು, ಹುಡುಗನ ಎಂಜಿನ್ನು ಮತ್ತು ಅಪ್ಪನ ಕತ್ತರಿ, ಒಂದಕ್ಕೊಂದು ಹೊಂದುವುದಿಲ್ಲ. ಎರಡೂ ನಿಜ. ಇದೇ ಜಗಳ ನೂರು ವರ್ಷದ ಹಿಂದೆ ಅಮೆರಿಕದಲ್ಲೂ ನಡೆದಿತ್ತು. ಕಾರ್ಖಾನೆಗಳು ಬೆಳೆಯುತ್ತಿದ್ದವು, ಸಾರ್ವಜನಿಕ ಪ್ರೌಢಶಾಲೆಗಳಲ್ಲಿ ಮಕ್ಕಳು ತುಂಬುತ್ತಿದ್ದರು. ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ಆಯುಕ್ತ ಡೇವಿಡ್ ಸ್ನೆಡನ್, ದುಡಿಮೆಗೆ ಹೋಗುವ ಮಕ್ಕಳಿಗೆ ದುಡಿಮೆಗೆ ತಕ್ಕ ಪ್ರತ್ಯೇಕ ಶಿಕ್ಷಣ ಬೇಕು ಎಂಬ ಪಕ್ಷದವರು. ಜಾನ್ ಡ್ಯೂಯಿ ಅದನ್ನು ವಿರೋಧಿಸಿದರು. 1915ರಲ್ಲಿ ‘ನ್ಯೂ ರಿಪಬ್ಲಿಕ್’ ಪತ್ರಿಕೆಯಲ್ಲಿ ಇಬ್ಬರ ನಡುವೆ ವಾದ ನಡೆಯಿತು. ಡ್ಯೂಯಿ ಕೈಕೆಲಸದ ವಿರೋಧಿಯಲ್ಲ, ಶಾಲೆಯ ಒಳಗೆ ಅಡುಗೆ, ಮರಗೆಲಸ, ನೇಯ್ಗೆ ಇರಬೇಕು ಎಂದವರೇ ಅವರು. ಅವರ ತಕರಾರು ಇದ್ದದ್ದು, ಈಗಿರುವ ಕಾರ್ಖಾನೆಯ ವ್ಯವಸ್ಥೆಗೆ ಮಗುವನ್ನು ಅಚ್ಚುಕಟ್ಟಾಗಿ ಕೂರಿಸುವ ಶಿಕ್ಷಣದ ಬಗ್ಗೆ. ಕೆಲಸದ ಮೂಲಕ ಲೋಕವನ್ನು ತಿಳಿಯುವುದು ಒಂದು, ಕೆಲಸಕ್ಕಾಗಿ ಮಗುವನ್ನು ತಯಾರು ಮಾಡುವುದು ಇನ್ನೊಂದು. ಸರ್ಕಾರದ ಹಣ ಹರಿದದ್ದು ಸ್ನೆಡನ್ ಪಕ್ಷದ ಕಡೆಗೇ. 1917ರ ಸ್ಮಿತ್-ಹ್ಯೂಸ್ ಕಾಯ್ದೆಯಿಂದ ಕೃಷಿ, ಕೈಗಾರಿಕೆ, ಗೃಹವಿಜ್ಞಾನದ ತರಬೇತಿಗೆ ಕೇಂದ್ರ ಸರ್ಕಾರದ ಅನುದಾನ ಶುರುವಾಯಿತು. ಮುಂದೆ ಬಡವರ, ಕಪ್ಪು ಜನರ ಮಕ್ಕಳು ಆ ಸಾಲಿನಲ್ಲಿ ಹೆಚ್ಚಾಗಿ ಕಾಣಿಸಿದಾಗ ‘ವೊಕೇಶನಲ್’ ಎಂಬ ಪದಕ್ಕೇ ಒಂದು ಕಳಂಕ ಅಂಟಿಕೊಂಡಿತು. 2006ರ ಕಾನೂನಿನಲ್ಲಿ ಆ ಪದವನ್ನು ತೆಗೆದು ‘ಕೆರಿಯರ್ ಅಂಡ್ ಟೆಕ್ನಿಕಲ್’ ಎಂದು ಮಾಡಿದರು. ಹೆಸರು ಬದಲಾಯಿಸುವ ಚಟ ನಮ್ಮಲ್ಲಿ ಮಾತ್ರ ಇಲ್ಲ.

ಆ ವಾದ ನಡೆಯುತ್ತಿದ್ದ ವರ್ಷ ಡ್ಯೂಯಿ ಪಾಠ ಹೇಳುತ್ತಿದ್ದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭಾರತದ ಒಬ್ಬ ವಿದ್ಯಾರ್ಥಿ ಇದ್ದರು. ಅಂಬೇಡ್ಕರ್ 1913ರಿಂದ 1916ರವರೆಗೆ ಅಲ್ಲಿ ಓದಿದರು, ಡ್ಯೂಯಿಯವರ ತರಗತಿಗಳಲ್ಲಿ ಕೂತರು. ಇಪ್ಪತ್ತು ವರ್ಷದ ಮೇಲೆ, 1936ರಲ್ಲಿ, ‘ಜಾತಿ ವಿನಾಶ’ದಲ್ಲಿ ಗುರುವನ್ನು ನೆನೆದರು. ಜಾತಿ ಎಂದರೆ ಶ್ರಮದ ವಿಭಜನೆ ಎಂದು ಸಮರ್ಥಿಸುವವರಿಗೆ ಅಲ್ಲಿ ಅವರು ಕೊಟ್ಟ ಉತ್ತರ ಪ್ರಸಿದ್ಧ: ಅದು ಶ್ರಮವನ್ನಷ್ಟೇ ಅಲ್ಲ, ಶ್ರಮಿಕರನ್ನೂ ವಿಭಜಿಸುತ್ತದೆ; ಮಗುವಿನ ಒಲವು, ಸಾಮರ್ಥ್ಯಗಳನ್ನು ನೋಡದೆ ತಂದೆತಾಯಿಯ ಸ್ಥಾನ ನೋಡಿ ಕೆಲಸ ಹಂಚುತ್ತದೆ. ಕೀಳೆಂದು ಹಣೆಪಟ್ಟಿ ಹಚ್ಚಿದ ಕೆಲಸವನ್ನು ಮಾಡುವವನಿಗೆ ಆ ಕೆಲಸದ ಮೇಲೆ ಮನಸ್ಸು ನಿಲ್ಲುವುದಿಲ್ಲ, ಅದರಿಂದ ತಪ್ಪಿಸಿಕೊಳ್ಳುವುದೇ ಅವನ ಯೋಚನೆಯಾಗುತ್ತದೆ ಎಂದೂ ಹೇಳಿದರು. ಬಸ್ ಸ್ಟ್ಯಾಂಡ್ ಪಕ್ಕದ ಸಲೂನಿನವರು ಈ ಪುಸ್ತಕ ಓದಿದ್ದಾರೋ ಇಲ್ಲವೋ ಗೊತ್ತಿಲ್ಲ. ಓದಿದ್ದ ನಾನು ಅವರ ಮಗಳ ಅರ್ಜಿ ನೋಡಿದಾಗ ಏನೂ ಹೊಳೆಯದೆ ಸಹಿ ಹಾಕಲು ಹೊರಟಿದ್ದೆ.

ಇದು ಬರೀ ಪುಸ್ತಕದ ಮಾತಲ್ಲ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿ ಹಳ್ಳಿಗಳ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ನಮ್ಮ ದಕ್ಷಿಣ ಕನ್ನಡವೂ ಆಗ ಮದ್ರಾಸ್ ರಾಜ್ಯದ ಜಿಲ್ಲೆಯೇ. ದಿನಕ್ಕೆ ಮೂರು ಗಂಟೆ ಪಾಠ, ಉಳಿದ ಹೊತ್ತು ಮಗು ಮನೆಯ ಕಸುಬನ್ನು ಕಲಿಯಬೇಕು. ರಾಜಾಜಿಯವರ ಲೆಕ್ಕ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಶಾಲೆ ಸಾಲದು, ಮೇಷ್ಟ್ರು ಸಾಲದು, ಹಣವಿಲ್ಲ; ಇದ್ದ ಕಟ್ಟಡದಲ್ಲೇ ಎರಡು ಪಾಳಿ ನಡೆಸಿದರೆ ಎರಡರಷ್ಟು ಮಕ್ಕಳಿಗೆ ಪಾಠ ಸಿಗುತ್ತದೆ. ಕೈಕೆಲಸದ ಮೇಲೆ ಅವರಿಗಿದ್ದ ಗೌರವವೂ ನಾಟಕವಾಗಿರಲಿಲ್ಲ. ಆದರೆ ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಇದಕ್ಕೆ ‘ಕುಲಕ್ಕಲ್ವಿ’, ಅಂದರೆ ಕುಲದ ಶಿಕ್ಷಣ, ಎಂದು ಹೆಸರಿಟ್ಟರು. ಕುಂಬಾರನ ಮಗ ಮಡಕೆ ಮಾಡುವುದನ್ನೂ ಅಗಸನ ಮಗ ಬಟ್ಟೆ ಒಗೆಯುವುದನ್ನೂ ಕಲಿಯುವ ಆ ಮಧ್ಯಾಹ್ನ, ಓದಿದವರ ಮನೆಯ ಮಗು ಏನು ಮಾಡುತ್ತದೆ? ಓದುತ್ತದೆ! ಅವರ ಮನೆಯ ಕಸುಬೇ ಅದು. ಪ್ರತಿಭಟನೆ ಎಷ್ಟು ಜೋರಾಯಿತೆಂದರೆ 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ನಂತರ ಬಂದ ಕಾಮರಾಜರು ಯೋಜನೆಯನ್ನೇ ಕೈಬಿಟ್ಟರು. ಕಾಮರಾಜರೇ ಶಾಲೆಯನ್ನು ಅರ್ಧಕ್ಕೆ ಬಿಟ್ಟು ದುಡಿಮೆಗೆ ಹೋದವರು. ಮಗುವಿಗೆ ಮನೆಯ ಕಸುಬು ಎಲ್ಲಿಗೂ ಓಡಿಹೋಗುವುದಿಲ್ಲ, ಓಡಿಹೋಗುವುದು ಶಾಲೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಾಂಧಿಯವರ ನಯೀ ತಾಲೀಮ್ ಇದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. 1937ರಲ್ಲಿ ವಾರ್ಧಾದಲ್ಲಿ ರೂಪುಗೊಂಡ ಆ ಯೋಚನೆಯಲ್ಲಿ ಏಳು ವರ್ಷದ ಮಾತೃಭಾಷಾ ಶಿಕ್ಷಣ ಒಂದು ಕಸುಬಿನ ಸುತ್ತ ಹೆಣೆದುಕೊಳ್ಳಬೇಕಿತ್ತು, ಎಲ್ಲ ಮಕ್ಕಳಿಗೂ. ವಕೀಲರ ಮಗನೂ ನೂಲಬೇಕು. ಅಪ್ಪನ ಕಸುಬನ್ನಲ್ಲ, ಶಾಲೆಯ ಕಸುಬನ್ನು ಕಲಿಯಬೇಕು. ವಕೀಲರು ಮಗನನ್ನು ಕಾನ್ವೆಂಟಿಗೆ ಕಳಿಸಿದರು. ಮುಂದೆ ಅದು ಕಾರ್ಯಾನುಭವವಾಗಿ, ಸಮಾಜೋಪಯೋಗಿ ಉತ್ಪಾದಕ ಕಾರ್ಯವಾಗಿ ನಮ್ಮ ಕಾಲಕ್ಕೆ ಬರುವ ಹೊತ್ತಿಗೆ, ಹೂಕುಂಡಗಳಿಗೆ ಕೆಮ್ಮಣ್ಣು ಬಳಿದು ಶಾಲೆಯ ಅಂಗಳ ಗುಡಿಸುವ ಪೀರಿಯಡ್ ಆಗಿತ್ತು.

ನನ್ನ ಮಟ್ಟಿಗೆ ತಪ್ಪು ಎಲ್ಲಿದೆ ಎಂದು ಈಗ ಸ್ವಲ್ಪ ಕಾಣುತ್ತದೆ. ಸರ್ಕಾರಿ ಶಾಲೆಯಲ್ಲಿ ಎಂಜಿನ್ನು ಇರುವುದು ತಪ್ಪಲ್ಲ, ನನ್ನ ಮಗಳ ಶಾಲೆಯಲ್ಲಿ ಇಲ್ಲದಿರುವುದು ತಪ್ಪು. ಕಾಗದದ ಮೇಲೆ ಈ ವಿಷಯಗಳು ಯಾವ ಬಾಗಿಲನ್ನೂ ಮುಚ್ಚುವುದಿಲ್ಲ. ಗಣಿತ, ವಿಜ್ಞಾನ ಎಲ್ಲರಿಗೂ ಒಂದೇ, ಎಸ್ಸೆಸ್ಸೆಲ್ಸಿಯೂ ಒಂದೇ. ಆಟೊಮೊಬೈಲ್ ಓದಿದವನು ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳಬಹುದು. ಆದರೆ ಒಂದು ಊರಿನಲ್ಲಿ ಕೆಲವರ ಮಕ್ಕಳಿಗೆ ಮಾತ್ರ ಸ್ಪ್ಯಾನರ್ ಕೊಟ್ಟು, ಇನ್ನು ಕೆಲವರ ಮಕ್ಕಳಿಗೆ ನೀಟ್ ಕೋಚಿಂಗ್ ಕೊಟ್ಟರೆ, ಬಾಗಿಲು ತೆರೆದೇ ಇದೆ ಎಂದು ಹೇಳುವುದಕ್ಕೆ ಅಷ್ಟೇನೂ ಅರ್ಥವಿಲ್ಲ. ಆಯ್ಕೆ ಎಂಬ ಮಾತು ಎರಡು ದಾರಿಯೂ ಕಾಣುವವರಿಗೆ ಸಲ್ಲುತ್ತದೆ.

ಇಲ್ಲಿಗೆ ಮುಗಿಸಿಬಿಡಬಹುದಿತ್ತು, ಆ ಹುಡುಗಿ ಇಲ್ಲದಿದ್ದರೆ.

ಅಪ್ಪ ಬಂದು ಹೋದ ಮಾರನೆಯ ದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಅಂಗೈ ತುಂಬ ಮೆಹಂದಿ. ತಾನೇ ಹಾಕಿಕೊಂಡದ್ದು. ಎಡಗೈ, ಬಲಗೈ ಎರಡಕ್ಕೂ. ಬೀದಿಯಲ್ಲಿ ಮದುವೆಯಾದರೆ ಅವಳನ್ನೇ ಕರೆಯುತ್ತಾರಂತೆ. “ಸಾರ್, ನನಗೆ ಅದೇ ಬೇಕು. ಅಪ್ಪಂಗೆ ನೀವು ಹೇಳಿ ಸಾರ್,” ಎಂದಳು. ಹಿಂದಿ ಕಷ್ಟ ಅಂತಲಾ ಎಂದು ಕೇಳಿದೆ. ಅಲ್ಲವಂತೆ. ಮುಖ್ಯ ರಸ್ತೆಯಲ್ಲಿ ಹೊಸದಾಗಿ ಆದ ಎ.ಸಿ. ಪಾರ್ಲರ್ ಇದೆಯಲ್ಲ, ಅಂಥದ್ದೊಂದನ್ನು ತಾನು ಇಡಬೇಕಂತೆ. ಆ ಪಾರ್ಲರಿನ ಒಡತಿ ಯಾವ ಜಾತಿಯವರೆಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ಅವರಿಗೆ ಕತ್ತರಿ ಹಿಡಿದದ್ದರಿಂದ ಯಾವ ಅವಮಾನವೂ ಆಗಿಲ್ಲ. ಅದೇ ಕತ್ತರಿ, ಅದೇ ಬಾಚಣಿಗೆ. ಬಂಡವಾಳ ಇದ್ದವರ ಕೈಯಲ್ಲಿ ಅದು ಬ್ಯೂಟಿ ಅಂಡ್ ವೆಲ್‌ನೆಸ್.

ಹುಟ್ಟು ನೋಡಿ ಒಂದು ಕೆಲಸವನ್ನು ಹೇರುವುದು ತಪ್ಪು ಎಂದಾದರೆ, ಹುಟ್ಟು ನೋಡಿ ಅದೇ ಕೆಲಸವನ್ನು ತಪ್ಪಿಸುವುದು? ಬೇರೆ ಯಾವ ಮನೆಯಲ್ಲಿ ಹುಟ್ಟಿದ್ದರೂ ಅವಳಿಗೆ ಆ ವಿಷಯ ಸಿಗುತ್ತಿತ್ತು. ಈ ಮನೆಯಲ್ಲಿ ಹುಟ್ಟಿದ್ದಕ್ಕೆ ಸಿಗಲಿಲ್ಲ. ಎರಡೂ ಒಂದೇ ತೂಕದ ತಪ್ಪು ಎಂದು ನಾನು ಹೇಳಲಾರೆ. ಅಪ್ಪನ ‘ಬೇಡ’ದ ಹಿಂದೆ ಅವರ ತಂದೆ, ಅಜ್ಜ ಅನುಭವಿಸಿದ್ದೆಲ್ಲ ಇದೆ, ಮಂಗಳಕಾರ್ಯಕ್ಕೆ ಬೇಕಾಗಿ, ಊಟದ ಪಂಕ್ತಿಗೆ ಬೇಡವಾಗಿ ಬದುಕಿದವರ ‘ಬೇಡ’ ಅದು. ಅವರು ಮಗಳಿಗೆ ಅಡ್ಡ ನಿಲ್ಲುತ್ತಿರಲಿಲ್ಲ, ತನ್ನ ಮೇಲೆ ಬಿದ್ದದ್ದು ಅವಳ ಮೇಲೆ ಬೀಳದಂತೆ ನಿಂತಿದ್ದರು. ಆದರೂ ಆ ಲೆಕ್ಕ ತೀರಿಸುವುದಕ್ಕೆ ಹದಿನಾಲ್ಕು ವರ್ಷದ ಹುಡುಗಿ ತನಗೆ ಇಷ್ಟವಾದದ್ದನ್ನು ಬಿಡಬೇಕು ಎನ್ನುವುದು ನ್ಯಾಯವೆಂದು ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಹದಿನಾಲ್ಕರ ಇಷ್ಟ ಎಷ್ಟು ದಿನದ್ದು ಎಂದು ಕೇಳಬಹುದು. ಅದನ್ನು ನಾವು ಸಂಸ್ಕೃತದವರಿಗೆ ಕೇಳುವುದಿಲ್ಲ.

ಅವಳ ಪರವಾಗಿ ಮಾತಾಡಲು ಸಲೂನಿಗೆ ಹೋದೆ. ಕುರ್ಚಿಯಲ್ಲಿ ಯಾರೋ ಕೂತಿದ್ದರು, ನನ್ನನ್ನು ಬೆಂಚಿನ ಮೇಲೆ ಕೂರಿಸಿ ಟೀ ತರಿಸಿದರು. ನಾನು ವಿಷಯ ಎತ್ತುವ ಮೊದಲೇ, “ಅವಳು ಪಾರ್ಲರ್ ಇಡ್ಲಿ ಸಾರ್, ನಾನೇನು ಬೇಡ ಅನ್ನಲ್ಲ. ಡಿಗ್ರಿ ಮಾಡ್ಕೊಂಡು ಇಡ್ಲಿ. ಆಗ ಅದು ಅವಳದು,” ಎಂದರು. ಹೇಳಲು ಹೋದ ಮಾತು ಹೇಳದೆ ಟೀ ಕುಡಿದು ಬಂದೆ. ಅವಳು ಹಿಂದಿ ತೆಗೆದುಕೊಂಡು ಪಾಸಾದಳು. ಈಗ ಪಿಯುಸಿಯಲ್ಲಿ ಕಾಮರ್ಸ್ ಓದುತ್ತಿದ್ದಾಳೆ. ಎದುರು ಸಿಕ್ಕರೆ ನಮಸ್ತೆ ಸಾರ್ ಎನ್ನುತ್ತಾಳೆ, ನಿಲ್ಲುವುದಿಲ್ಲ.

ನಮ್ಮ ಪಟ್ಟಿಯಲ್ಲಿ ಮಗುವಿನ ಹೆಸರಾದ ಮೇಲೆ ಪೋಷಕರ ಉದ್ಯೋಗ ಎಂಬ ಕಾಲಂ ಇತ್ತು, ಅದರ ಪಕ್ಕದಲ್ಲಿ ಆಯ್ದುಕೊಂಡ ವಿಷಯ. ಎರಡನ್ನೂ ಒಂದೇ ಸಲ ಓದಿಕೊಂಡು ಹೋಗುವ ಅಭ್ಯಾಸ ನನಗಿತ್ತು. ಈ ವರ್ಷ ಉದ್ಯೋಗದ ಕಾಲಂ ಇಲ್ಲದ ಬೇರೆ ಹಾಳೆ ಮಾಡಿಕೊಂಡೆ. ಆದರೆ ಊರು ಚಿಕ್ಕದು. ಹೆಸರು ನೋಡಿದ ಕೂಡಲೇ ಯಾರ ಮಗ, ಯಾರ ಮಗಳು ಎಂದು ನನಗೆ ಗೊತ್ತಾಗಿಬಿಡುತ್ತದೆ.